ಪುಟ್ಟ ವಿಳಾಸದ ಕಥೆ



ಹಿಂದೆ ಉದ್ದನೆಯ ಜಾಲವಿಳಾಸ ಇಮೇಲ್‌ನಲ್ಲಿ ಎರಡು ಸಾಲಾಗಿ ಮುರಿದರೆ ಕೊಂಡಿ ತೆರೆಯುತ್ತಲೇ ಇರಲಿಲ್ಲ. 2002ರಲ್ಲಿ ಅಮೆರಿಕದ ಕೆವಿನ್ ಗಿಲ್ಬರ್ಟ್‌ಸನ್ ‘ಟೈನಿಯುಆರ್‌ಎಲ್’ ಆರಂಭಿಸಿ ವಿಳಾಸಗಳನ್ನು ಗಿಡ್ಡಗೊಳಿಸಿದರು. 2006ರಲ್ಲಿ ಬಂದ ಟ್ವಿಟರ್‌ನ 140 ಅಕ್ಷರಗಳ ಮಿತಿಯಿಂದ ಇಂಥ ಸೇವೆಗಳು ಮನೆಮಾತಾದವು.

ಆದರೆ ಬಾಡಿಗೆ ಮನೆ ಎಂದಿಗೂ ಬಾಡಿಗೆ ಮನೆಯೇ! ಹಲವು ಸೇವೆಗಳು ಬಳಸುವ ‘ಎಲ್‌ವೈ’ ಎಂಬ ಕೊನೆ ಲಿಬಿಯಾ ದೇಶದ್ದು. ತನ್ನ ಕಾನೂನಿಗೆ ಒಪ್ಪುವುದಿಲ್ಲವೆಂದು 2010ರಲ್ಲಿ ಅದು ‘ವಿಬಿ ಡಾಟ್ ಎಲ್‌ವೈ’ ಹೆಸರನ್ನೇ ಕಿತ್ತುಕೊಂಡಿತು. ಅದರ ಕೊಂಡಿಗಳೆಲ್ಲ ಅನಾಥವಾದವು.

ನಿಮ್ಮದೇ ತಾಣವಿದೆಯೇ? ಹಾಗಾದರೆ ಒಂದು ಪಟ್ಟಿ ಸಾಕು: ಎಡಕ್ಕೆ ಪುಟ್ಟ ಗುರುತು, ಬಲಕ್ಕೆ ಪೂರ್ತಿ ವಿಳಾಸ. 26 ಇಂಗ್ಲಿಷ್ ಅಕ್ಷರ, 10 ಅಂಕಿ ಸೇರಿದರೆ ಮೂರೇ ಸ್ಥಾನಗಳಲ್ಲಿ 46,656 ಗುರುತುಗಳು! ಪುಟ ಬೇರೆಡೆಗೆ ಹೋದರೂ ಪಟ್ಟಿ ತಿದ್ದಿದರಾಯಿತು. ಹಂಚಿದ ವಿಳಾಸ ಹಾಗೇ ಉಳಿಯುತ್ತದೆ.

ಇಂದು ನಾವಾಡಿದ ಕನ್ನಡದ ಮಾತು ನಾಳೆ ನಮ್ಮ ಮಕ್ಕಳಿಗೂ ಸಿಗಬೇಕಲ್ಲವೇ?