ಅನ್ನ ಬಿಟ್ಟು ಚಪಾತಿ ಹಿಡಿದರೆ ಶುಗರ್ ಇಳಿಯುತ್ತದೆಯೇ?

ನೆಕ್ರಾಜೆಯಿರಲಿ, ಕಾಸರಗೋಡಿನ ಬೇರೆ ಊರಿರಲಿ, ಮನೆಯಲ್ಲಿ ಒಬ್ಬರಿಗೆ ಶುಗರ್ ಇದೆ ಎಂದು ಗೊತ್ತಾದರೆ ಮೊದಲು ಆಗುವುದು ಒಂದೇ: ರಾತ್ರಿ ಅನ್ನ ಬಂದ್, ಚಪಾತಿ ಶುರು. ಎಷ್ಟು ಚಪಾತಿ ಎಂದು ಮಾತ್ರ ಯಾರೂ ಲೆಕ್ಕ ಇಡುವುದಿಲ್ಲ.

ಅಕ್ಕಿಯಾಗಲಿ, ಗೋಧಿ, ರಾಗಿಯಾಗಲಿ, ಹೆಚ್ಚಿನ ಪಾಲು ಪಿಷ್ಟವೇ. ಅದು ಹೊಟ್ಟೆಯಲ್ಲಿ ಕರಗಿ ಗ್ಲುಕೋಸ್ ಆಗಿ ರಕ್ತಕ್ಕೆ ಸೇರುತ್ತದೆ. ಆಗ ಮೇದೋಜೀರಕ ಗ್ರಂಥಿ ಇನ್ಸುಲಿನ್ ಬಿಡುತ್ತದೆ. ಗ್ಲುಕೋಸನ್ನು ಸ್ನಾಯುಗಳ ಒಳಗೆ ಸೇರಿಸುವುದು ಅದರ ಕೆಲಸ. ಟೈಪ್ 2 ಮಧುಮೇಹದಲ್ಲಿ ಜೀವಕೋಶಗಳು ಇನ್ಸುಲಿನ್ ಮಾತು ಸರಿಯಾಗಿ ಕೇಳುವುದಿಲ್ಲ. ಗ್ರಂಥಿ ಇನ್ನಷ್ಟು ದುಡಿಯುತ್ತದೆ, ವರ್ಷಗಳು ಕಳೆದಂತೆ ಸುಸ್ತಾಗುತ್ತದೆ.

ಐಸಿಎಂಆರ್-ಇಂಡಿಯಾಬ್ ಸಮೀಕ್ಷೆಯ 2025ರ ವರದಿ ಪ್ರಕಾರ ಭಾರತೀಯರ ಕ್ಯಾಲೊರಿಯಲ್ಲಿ ಸುಮಾರು 62 ಶೇಕಡಾ ಕಾರ್ಬೋಹೈಡ್ರೇಟಿನಿಂದಲೇ ಬರುತ್ತದೆ. ಒಟ್ಟು ಪ್ರಮಾಣ ಇಳಿಸದೆ ಅಕ್ಕಿಯ ಬದಲು ಗೋಧಿ ಅಥವಾ ಸಿರಿಧಾನ್ಯದ ಹಿಟ್ಟು ತಿಂದರೆ ಅಪಾಯ ತಗ್ಗಿದ್ದು ಅದರಲ್ಲಿ ಕಾಣಲಿಲ್ಲ. ಇದೇ ಸಮೀಕ್ಷೆಯ 2023ರ ವರದಿಯಲ್ಲಿ ಕೇರಳದ ವಯಸ್ಕರಲ್ಲಿ ಮಧುಮೇಹ 25.5 ಶೇಕಡಾ, ಅಂದರೆ ನಾಲ್ವರಲ್ಲಿ ಒಬ್ಬರಿಗೆ.

ಇನ್ನು ತುಪ್ಪದನ್ನ, ಬಿರಿಯಾನಿಯ ವಿಷಯ. ತುಪ್ಪದಲ್ಲಿ ಸಕ್ಕರೆ ಇಲ್ಲ ಎಂಬ ಮಾತು ನಿಜವೇ. ಆದರೆ ಜಿಡ್ಡು ಹೊಟ್ಟೆ ಖಾಲಿಯಾಗುವುದನ್ನು ನಿಧಾನ ಮಾಡುತ್ತದೆ. ಮದುವೆ ಊಟದ ಎರಡು ಗಂಟೆಯ ನಂತರ ನೋಡಿದ ಶುಗರ್ ಪರವಾಗಿಲ್ಲ ಅನಿಸಬಹುದು. ಅಸಲು ಏರಿಕೆ ಮೂರು-ನಾಲ್ಕು ಗಂಟೆಯ ಮೇಲೆ ಬಂದು ಬಹಳ ಹೊತ್ತು ನಿಲ್ಲುತ್ತದೆ. ಖರ್ಚಾಗದ ಕ್ಯಾಲೊರಿ ಹೊಟ್ಟೆಯ ಸುತ್ತ, ಯಕೃತ್ತಿನಲ್ಲಿ ಕೊಬ್ಬಾಗಿ ಕೂತು ಇನ್ಸುಲಿನ್ ಕೆಲಸವನ್ನೇ ಕೆಡಿಸುತ್ತದೆ. ಪಿಷ್ಟವೂ ಹೆಚ್ಚು, ಜಿಡ್ಡೂ ಹೆಚ್ಚು ಎಂಬ ಜೋಡಿಯೇ ನಮ್ಮ ಸಮಾರಂಭಗಳ ಊಟದ ತೊಂದರೆ.

ಹಾಗೆಂದು ಅನ್ನವನ್ನು ಪೂರ್ತಿ ಬಿಡಬೇಕಿಲ್ಲ. ಕುಚ್ಚಲಕ್ಕಿ ಅನ್ನ ಒಂದು ಸೌಟು ಕಡಿಮೆ ಮಾಡಿ, ಆ ಜಾಗಕ್ಕೆ ಮೀನು ಸಾರು, ಹೆಸರುಕಾಳು, ಮೊಟ್ಟೆ, ಬಸಳೆ ಬರಲಿ. ಮೀನು, ತರಕಾರಿ ಮೊದಲು ತಿಂದು ಅನ್ನ ಕೊನೆಗೆ ಉಂಡರೆ ಏರಿಕೆ ತುಸು ತಗ್ಗುತ್ತದೆ. ಇಫ್ತಾರಿನಲ್ಲಿ ಶರಬತ್ತು, ಸಮೋಸ, ಪತ್ತಿರಿ ಒಟ್ಟಿಗೇ ಬೇಡ.

ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಊಟ ಒಮ್ಮೆಲೇ ಕಡಿಮೆ ಮಾಡಬಾರದು, ಉಪವಾಸವನ್ನೂ ಹಿಡಿಯಬಾರದು. ಶುಗರ್ ತೀರಾ ಕುಸಿಯಬಹುದು. ಬೆವರು, ನಡುಕ, ತಲೆಸುತ್ತು ಕಂಡು ಶುಗರ್ 70ಕ್ಕಿಂತ ಕೆಳಗಿದ್ದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷಕ್ಕೆ ಮತ್ತೆ ಪರೀಕ್ಷಿಸಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ನೇರ ಆಸ್ಪತ್ರೆಗೆ ಒಯ್ಯಬೇಕು.