ಗುಂಡು, ಹಟ್ಟಿ, ಕಾವಲು: ಚಳ್ಳಕೆರೆ–ಮೊಳಕಾಲ್ಮುರು ಸೀಮೆಯ ಸ್ಥಳೀಯ ಸಂಗತಿಗಳ ಪರಿಶೀಲನೆ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮುರು ತಾಲ್ಲೂಕುಗಳನ್ನು ಕುರಿತ ಬರಹಗಳಲ್ಲಿ ಕೆಲವು ವಿಶೇಷಣಗಳು ಮತ್ತೆ ಮತ್ತೆ ಬರುತ್ತವೆ. ಚಳ್ಳಕೆರೆ ಶೇಂಗಾ ಎಣ್ಣೆಯ ಪಟ್ಟಣ, ಮೊಳಕಾಲ್ಮುರು ರೇಷ್ಮೆ ಸೀರೆಯ ಪಟ್ಟಣ, ಇಡೀ ಸೀಮೆ ಬರದ ನಾಡು. ಇವು ಯಾವುವೂ ಸುಳ್ಳಲ್ಲ. ಆದರೆ ಎಣ್ಣೆಗಿರಣಿಗಳ ಖ್ಯಾತಿ ಇಪ್ಪತ್ತನೆಯ ಶತಮಾನದ್ದು. ಮಳೆ ಕಡಿಮೆಯೆಂಬ ಮಾತ್ರಕ್ಕೆ ನೆಲ ಬರಡೆಂದು ಅರ್ಥವಲ್ಲ. ವಿಶೇಷಣವೇ ಸಂಗತಿಯ ಸ್ಥಾನವನ್ನು ಆಕ್ರಮಿಸಿದಾಗ ಸ್ಥಳೀಯ ಚರಿತ್ರೆಯಲ್ಲಿ ಆಗುವ ಲೋಪಗಳೇನು, ಅವುಗಳ ಪರಿಣಾಮವೇನು ಎಂಬುದನ್ನು ಪ್ರಸ್ತುತ ಲೇಖನ ಕೆಲವು ನಿದರ್ಶನಗಳ ಮೂಲಕ ಪರಿಶೀಲಿಸುತ್ತದೆ.

ಮೊದಲ ನಿದರ್ಶನ ಅಶೋಕನ ಶಾಸನಗಳದ್ದು. 1892ರಲ್ಲಿ ಬಿ.ಎಲ್. ರೈಸ್ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರ ಬೆಟ್ಟಗಳಲ್ಲಿ ಕಿರು ಬಂಡೆಶಾಸನಗಳನ್ನು ಬೆಳಕಿಗೆ ತಂದರು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಬರೆದ ಲಿಪಿಕಾರ ಚಪಡ ತನ್ನ ವೃತ್ತಿಸೂಚಕ ಪದವನ್ನು ಮಾತ್ರ ಖರೋಷ್ಠಿಯಲ್ಲಿ ಕೊರೆದಿದ್ದಾನೆ. ಸುವರ್ಣಗಿರಿಯ ಆರ್ಯಪುತ್ರ ಮತ್ತು ಮಹಾಮಾತ್ರರು ಇಸಿಲದ ಮಹಾಮಾತ್ರರಿಗೆ ಕಳುಹಿಸಿದ ಆಜ್ಞೆ ಇದು. ‘ಇಸಿಲ’ ಎಂಬುದು ಕನ್ನಡ ಪದವೆಂದು ಡಿ.ಎಲ್. ನರಸಿಂಹಾಚಾರ್ ವಾದಿಸಿದ ಮೇಲೆ ಕನ್ನಡ ಭಾಷೆಯ ಪ್ರಾಚೀನತೆಯ ಚರ್ಚೆಗೂ ಈ ಊರುಗಳು ಆಧಾರವಾದವು.

ಇಷ್ಟು ಮಹತ್ತ್ವದ ನೆಲೆಗಳನ್ನು ಉಲ್ಲೇಖಿಸುವಾಗಲೂ ತಾಲ್ಲೂಕಿನ ಹೆಸರನ್ನು ಬಿಟ್ಟರೆ ಗೊಂದಲ ತಪ್ಪದು. ಉತ್ತರ ಕನ್ನಡ ಜಿಲ್ಲೆಯಲ್ಲೊಂದು ಸಿದ್ದಾಪುರವಿದೆ, ಕೊಡಗಿನಲ್ಲಿ ಮತ್ತೊಂದಿದೆ. ಬ್ರಹ್ಮಗಿರಿ ಎಂದೊಡನೆ ಅನೇಕರಿಗೆ ನೆನಪಾಗುವುದು ತಲಕಾವೇರಿಯ ಬೆಟ್ಟ. ಊರಿನ ಹೆಸರಿನೊಂದಿಗೆ ಹೋಬಳಿ, ತಾಲ್ಲೂಕುಗಳನ್ನು ನಮೂದಿಸುವುದು ಕೇವಲ ಔಪಚಾರಿಕ ಪದ್ಧತಿಯಲ್ಲ; ಅದು ಸಂಗತಿಯ ಒಂದು ಭಾಗವೇ ಆಗಿದೆ.

ಈ ಬಂಡೆಗಳಿಗೆ ಜನರಿಟ್ಟ ಹೆಸರುಗಳು ಇನ್ನೂ ಕುತೂಹಲಕರವಾಗಿವೆ. ಬ್ರಹ್ಮಗಿರಿಯ ಬಂಡೆಗೆ ‘ಅಕ್ಷರಗುಂಡು’ ಎಂಬ ಹೆಸರಿತ್ತು. ಸಿದ್ದಾಪುರದ ಬಂಡೆ ಎಮ್ಮೆ ಕಾಯುವವನೊಬ್ಬನ ಹೆಸರಿನಿಂದ ಪರಿಚಿತವಾಗಿತ್ತು. ಜಟಿಂಗ ರಾಮೇಶ್ವರದಲ್ಲಿ ಜಾತ್ರೆಯ ಕಾಲಕ್ಕೆ ಬಳೆಗಾರರು ಅಂಗಡಿ ಹೂಡುತ್ತಿದ್ದ ತಾಣವಾದ್ದರಿಂದ ಅದು ‘ಬಳೆಗಾರರ ಗುಂಡು’. ಶಾಸನವನ್ನು ಓದಲು ಬಾರದಿದ್ದರೂ ಬಂಡೆಯ ಮೇಲಿರುವುದು ಬರಹವೆಂದು ಜನ ಗುರುತಿಸಿದ್ದರೆಂಬುದನ್ನು ಮೊದಲ ಹೆಸರು ಸೂಚಿಸುತ್ತದೆ. ಉಳಿದೆರಡು ಹೆಸರುಗಳು ಅಲ್ಲಿನ ಪಶುಪಾಲನೆಯನ್ನೂ ಜಾತ್ರೆಯ ವ್ಯಾಪಾರವನ್ನೂ ದಾಖಲಿಸುತ್ತವೆ. ರೈಸ್ ಅವರ ಶೋಧದಿಂದ ಲಭಿಸಿದ್ದು ಶಾಸನದ ಪಾಠ. ಬಂಡೆಯ ಪರಿಚಯ ಊರವರಿಗೆ ಮೊದಲೇ ಇತ್ತು. ಶಾಸನದ ಪಾಠ ಮೌರ್ಯರ ಆಡಳಿತದ ಚರಿತ್ರೆಯನ್ನು ಹೇಳಿದರೆ, ಗುಂಡಿನ ಹೆಸರು ಅದೇ ಸ್ಥಳದ ಜನಜೀವನದ ಚರಿತ್ರೆಯನ್ನು ಹೇಳುತ್ತದೆ.

ಆದರೆ ಜನಪದ ನಾಮಗಳನ್ನು ನೇರವಾಗಿ ಚರಿತ್ರೆಯೆಂದು ಸ್ವೀಕರಿಸುವುದೂ ಸರಿಯಲ್ಲ. ಕರ್ನಾಟಕದ ಕೆಲವು ಕಡೆ ಬೃಹತ್ ಶಿಲಾಯುಗದ ಗೋರಿಗಳನ್ನು ‘ಮೋರ್ಯರ ಮನೆ’ ಎಂದು ಕರೆಯುವ ರೂಢಿಯಿದೆ. ಧ್ವನಿಸಾಮ್ಯವನ್ನು ನೆಚ್ಚಿ ಇವನ್ನು ಮೌರ್ಯರ ಅವಶೇಷಗಳೆಂದು ಹೇಳಿಬಿಡುವ ಆಮಿಷ ಅಶೋಕನ ಶಾಸನಗಳಿರುವ ಸೀಮೆಯಲ್ಲಿ ಸಹಜವಾಗಿಯೇ ಹೆಚ್ಚು. ಜನರ ನಂಬಿಕೆಯಲ್ಲಿ ಮೋರ್ಯರು ಕುಳ್ಳರಾದ ಒಂದು ಪುರಾತನ ಜನಾಂಗ, ಯಾವುದೇ ರಾಜವಂಶದವರಲ್ಲ. ಬ್ರಹ್ಮಗಿರಿಯಲ್ಲಿ ಎಂ.ಎಚ್. ಕೃಷ್ಣ ಅವರ ಬಳಿಕ 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿ ಕಲ್ಗೊಡಲಿ, ಬೃಹತ್ ಶಿಲಾ ಮತ್ತು ಆಂಧ್ರ ಸಂಸ್ಕೃತಿಗಳೆಂಬ ಮೂರು ಸ್ತರಗಳನ್ನು ಗುರುತಿಸಿದರು. ಬೃಹತ್ ಶಿಲಾ ಸಂಸ್ಕೃತಿಯ ಆರಂಭವನ್ನು ಅವರು ಕ್ರಿ.ಪೂ. 200ರ ಸುಮಾರಿಗೆ ಇಟ್ಟಿದ್ದರು; ಅನಂತರದ ಸಂಶೋಧನೆ ಅದನ್ನು ಮೌರ್ಯರಿಗಿಂತ ಬಹಳ ಹಿಂದಕ್ಕೆ ಒಯ್ದಿದೆ. ತಜ್ಞರ ಕಾಲನಿರ್ಣಯವೂ ಪರಿಷ್ಕರಣೆಗೆ ಒಳಪಟ್ಟದ್ದೇ ಎಂಬುದನ್ನು ಇಲ್ಲಿ ಗಮನಿಸಬೇಕು.

ಸ್ಥಳಪುರಾಣಗಳ ವಿಚಾರದಲ್ಲೂ ಇಂಥದೇ ಎಚ್ಚರ ಅಗತ್ಯ. ರಾವಣನೊಡನೆ ಹೋರಾಡಿದ ಜಟಾಯು ಬಿದ್ದದ್ದು ಜಟಿಂಗ ರಾಮೇಶ್ವರ ಬೆಟ್ಟದಲ್ಲಿ ಎಂಬ ಐತಿಹ್ಯವಿದೆ. ಮೊಳಕಾಲ್ಮುರು ಎಂಬ ಹೆಸರನ್ನು ಮೊಳಕಾಲು ಮುರಿಯುವುದರೊಂದಿಗೆ ಜೋಡಿಸುವ ವಿವರಣೆಯೂ ಬಳಕೆಯಲ್ಲಿದೆ. ‘ಮೊಳಕಾಲು’ ಎಂಬುದು ‘ಮೊಣಕಾಲು’ ಪದದ ಹಳೆಯ ರೂಪವಾದ್ದರಿಂದ ಈ ವಿವರಣೆ ಭಾಷೆಗೆ ಹೊಂದುತ್ತದೆ. ಆದರೆ ಭಾಷೆಗೆ ಹೊಂದುವುದು ಬೇರೆ, ಊರಿನ ನಾಮಕರಣದ ಘಟನೆಗೆ ಪ್ರಮಾಣವಾಗುವುದು ಬೇರೆ. ಕಲ್ಲುಗುಡ್ಡಗಳ ನಡುವೆ ದನಕರುಗಳೊಂದಿಗೆ ಬದುಕಿದ ಜನ ತಮ್ಮ ನೆಲವನ್ನು ಹೇಗೆ ಅನುಭವಿಸಿದರು ಎಂಬುದಕ್ಕೆ ಮಾತ್ರ ಅದು ನಿಜವಾದ ಸಾಕ್ಷ್ಯ.

ಎರಡನೆಯ ನಿದರ್ಶನ ಜನವರ್ಗಗಳ ವರ್ಣನೆಗೆ ಸಂಬಂಧಿಸಿದ್ದು. ಈ ತಾಲ್ಲೂಕುಗಳಲ್ಲಿ ಮ್ಯಾಸಬೇಡರು ಮತ್ತು ಕಾಡುಗೊಲ್ಲರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಬೇಡರೆಂದರೆ ಬೇಟೆಗಾರರು ಎಂಬ ಸಾಮಾನ್ಯ ವ್ಯಾಖ್ಯೆ ಮ್ಯಾಸಬೇಡರಿಗೆ ಪೂರ್ತಿಯಾಗಿ ಅನ್ವಯಿಸದು. ಅವರ ಆಚರಣೆಗಳ ಕೇಂದ್ರದಲ್ಲಿರುವುದು ಗೋಸಂಪತ್ತು. ದೇವರ ಎತ್ತುಗಳ ಹಿಂಡುಗಳನ್ನು ಕಿಲಾರಿಗಳು ಕಾಯುತ್ತಾರೆ. ಈ ಎತ್ತುಗಳನ್ನು ಉಳುಮೆಗೆ ಹೂಡುವುದಿಲ್ಲ. ಅನೇಕ ಹಟ್ಟಿಗಳಲ್ಲಿ ಕನ್ನಡ, ತೆಲುಗು ಎರಡೂ ಬಳಕೆಯಲ್ಲಿವೆ. ಆದ್ದರಿಂದ ಒಂದು ಕಥನವನ್ನು ಸಂಗ್ರಹಿಸಿದಾಗ ಜಾತಿಯ ಹೆಸರನ್ನಷ್ಟೇ ಬರೆದರೆ ಸಾಲದು. ಹಟ್ಟಿ, ಕಟ್ಟೆಮನೆ ಮತ್ತು ಭಾಷೆಗಳನ್ನೂ ದಾಖಲಿಸಬೇಕಾಗುತ್ತದೆ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯವರ ಹಾಡುಗಳನ್ನು ಕೃಷ್ಣಮೂರ್ತಿ ಹನೂರರು ಸಂಗ್ರಹಿಸಿದ್ದು ಇಲ್ಲಿ ಸ್ಮರಣೀಯ. ಹಾಡು ಯಾವ ಹಟ್ಟಿಯ ಯಾರ ಕಂಠದ್ದು ಎಂಬುದು ತಿಳಿದಿರುವುದರಿಂದಲೇ ಆ ಸಂಗ್ರಹವನ್ನು ಮುಂದಿನ ಸಂಶೋಧಕರು ಆಧಾರವಾಗಿ ಬಳಸಬಹುದು.

ಸ್ಥಳೀಯ ಸಂಗತಿಯ ನಿಖರತೆ ಕೇವಲ ವಿದ್ವತ್ತಿನ ಪ್ರಶ್ನೆಯಲ್ಲವೆಂಬುದನ್ನು ಕಾವಲುಗಳ ಚರಿತ್ರೆ ಸ್ಪಷ್ಟಪಡಿಸುತ್ತದೆ. ಮೈಸೂರು ಒಡೆಯರ ಕಾಲದ ‘ಬೆಣ್ಣೆ ಚಾವಡಿ’ಯಿಂದ ಆರಂಭವಾಗಿ ಟಿಪ್ಪುವಿನ ಕಾಲದಲ್ಲಿ ‘ಅಮೃತಮಹಲ್’ ಎಂಬ ಹೆಸರು ಪಡೆದ ಗೋಶಾಖೆಗೆ ಹುಲ್ಲುಗಾವಲುಗಳನ್ನು ಮೀಸಲಿಡಲಾಗಿತ್ತು. 1799ರ ನಂತರ ಈ ವ್ಯವಸ್ಥೆ ಬ್ರಿಟಿಷರ ಕೈಸೇರಿತು. ಹಿಂಡುಗಳು ಕ್ಷೀಣಿಸಿದ ಮೇಲೂ ಚಳ್ಳಕೆರೆ ಸೀಮೆಯ ಕಾವಲುಗಳಲ್ಲಿ ಸುತ್ತಲಿನ ಹಳ್ಳಿಗಳ ದನ, ಕುರಿ, ಮೇಕೆಗಳು ಮೇಯುತ್ತಿದ್ದವು. ಕುರಿಯ ಉಣ್ಣೆಯಿಂದ ಕುರುಬರು ನೇಯುವ ಕಂಬಳಿ ಚಳ್ಳಕೆರೆಯ ಹೆಸರನ್ನು ದೂರದೂರಕ್ಕೆ ಒಯ್ದಿತ್ತು. ದಾಖಲೆಯಲ್ಲಿ ಸರ್ಕಾರಿ ಜಮೀನಾದದ್ದು ಹಳ್ಳಿಗರ ಪಾಲಿಗೆ ಮೇವಿನ ನೆಲೆಯಾಗಿತ್ತು.

2008ರಿಂದ 2010ರ ಸುಮಾರಿನ ಅವಧಿಯಲ್ಲಿ ವರವು, ಕುದಾಪುರ, ದೊಡ್ಡ ಉಳ್ಳಾರ್ತಿ ಸುತ್ತಲಿನ ಈ ಭೂಮಿ ವಿವಿಧ ಸಂಸ್ಥೆಗಳಿಗೆ ಹಂಚಿಕೆಯಾಯಿತು. ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಗೆ 4,290 ಎಕರೆ, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,810, ಭಾರತೀಯ ವಿಜ್ಞಾನ ಸಂಸ್ಥೆಗೆ 1,500, ಬಾಹ್ಯಾಕಾಶ ಸಂಶೋಧನಾ ಸಂಸ್ಥೆಗೆ 573 ಎಕರೆ ದೊರೆತವು. ಇವೇ 8,000 ಎಕರೆಗೂ ಹೆಚ್ಚಾಗುತ್ತವೆ. ಗೋಡೆ ಬೇಲಿಗಳು ಎದ್ದಾಗ ಗ್ರಾಮಸ್ಥರು ವಿರೋಧಿಸಿದರು. ಪ್ರಕರಣ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠದ ಮುಂದೆ ಬಂದು, 2013ರಲ್ಲಿ ಸ್ಥಳ ಪರಿಶೀಲನೆಗಾಗಿ ಸತ್ಯಶೋಧನ ಸಮಿತಿ ನೇಮಕವಾಯಿತು. ಯೋಜನೆಗಳು ಮಾತ್ರ ಮುಂದುವರಿದು, 2017ರಲ್ಲಿ ವರವು ಕಾವಲಿನಲ್ಲಿ ವೈಮಾನಿಕ ಪರೀಕ್ಷಾ ವಲಯ ಉದ್ಘಾಟನೆಗೊಂಡಿತು.

ಈ ಯೋಜನೆಗಳ ಅಗತ್ಯವನ್ನು ನಿರ್ಣಯಿಸುವುದು ಲೇಖನದ ವ್ಯಾಪ್ತಿಗೆ ಸೇರಿದ್ದಲ್ಲ. ಆದರೆ ಕಾವಲಿನಲ್ಲಿ ಯಾವ ಹಳ್ಳಿಯ ಹಿಂಡು ಯಾವ ಋತುವಿನಲ್ಲಿ ಮೇಯುತ್ತಿತ್ತು, ನೀರಿಗೆ ಯಾವ ಕಟ್ಟೆಯನ್ನು ಆಶ್ರಯಿಸಿತ್ತು, ಯಾವ ದೇವರ ಎತ್ತು ಯಾವ ದಾರಿಯಲ್ಲಿ ಸಾಗುತ್ತಿತ್ತು ಎಂಬ ವಿವರಗಳು ಕಿಲಾರಿಗಳ ಮತ್ತು ಕುರಿಗಾಹಿಗಳ ನೆನಪಿನಲ್ಲಿವೆ. ಕಂದಾಯದ ಪಹಣಿಯಲ್ಲಿ ಅವುಗಳಿಗೆ ಅಂಕಣವಿಲ್ಲ. ಹಂಚಿಕೆಯ ಬಳಿಕ ಸಮಿತಿಯೊಂದು ಬಂದು ವಿಚಾರಿಸಬೇಕಾದ ಸಂಗತಿಗಳನ್ನು ಜಾನಪದ ಕ್ಷೇತ್ರಕಾರ್ಯ ಮೊದಲೇ ದಾಖಲಿಸಿಡುವುದು ಸಾಧ್ಯ. ಅದಕ್ಕಾಗಿ ತಾಲ್ಲೂಕಿನ ಪ್ರತಿಯೊಂದು ಗುಂಡು, ಕಟ್ಟೆ, ಹಟ್ಟಿ ಮತ್ತು ಕಾವಲಿನ ಹೆಸರನ್ನು ಹೇಳಿದವರ ಉಚ್ಚಾರದಲ್ಲೇ ಬರೆದುಕೊಂಡು, ಶಾಸನ ಹಾಗೂ ಕಂದಾಯ ದಾಖಲೆಗಳೊಂದಿಗೆ ಹೋಲಿಸಿ, ಎರಡರ ನಡುವಿನ ವ್ಯತ್ಯಾಸವನ್ನು ಮರೆಮಾಚದೆ ಪ್ರಕಟಿಸಬೇಕು. ಮೇಯಿಸಿದ ತಲೆಮಾರು ಇರುವಾಗಲೇ ಈ ಕೆಲಸ ನಡೆಯಬೇಕಾಗಿದೆ.