ಡ್ರ್ಯಾಗನ್ ತೋರಿಸಿದ್ರೆ ಸಾಕಾ? 'ಡಿ ಅಂಡ್ ಡಿ' ಅಭಿಮಾನಿಗಳು ಸಿನಿಮಾದಿಂದ ಕೇಳೋದು ಏನು

2023ರಲ್ಲಿ ಬಂದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್: ಹಾನರ್ ಅಮಾಂಗ್ ಥೀವ್ಸ್' ಸಿನಿಮಾದಲ್ಲಿ ಒಂದು ಸೇತುವೆ ಬರುತ್ತೆ. ನೆಲದಡಿಯ ಲೋಕ, ಕೆಳಗೆ ಪ್ರಪಾತ. ದಾಟೋಕೆ ಒಂದು ಜಟಿಲವಾದ ಲೆಕ್ಕ ಇದೆ. ಎಲ್ಲಿ ಹೇಗೆ ಕಾಲಿಡಬೇಕು ಅಂತ ಜೆಂಕ್ ಅನ್ನೋ ವೀರಯೋಧ ಬಹಳ ಗಂಭೀರವಾಗಿ ವಿವರಿಸ್ತಾ ಇರ್ತಾನೆ. ಅವನ ಮಾತು ಮುಗಿಯೋದರೊಳಗೆ ಮಂತ್ರಗಾರ ಸೈಮನ್ ಸುಮ್ಮನೆ ಒಂದು ಕಾಲು ಇಟ್ಟುಬಿಡ್ತಾನೆ. ಇಡೀ ಸೇತುವೆ ಕುಸಿದು ಬೀಳುತ್ತೆ.

ಥಿಯೇಟರಿನಲ್ಲಿ ನಾನು ಜೋರಾಗಿ ನಕ್ಕೆ. ಎಂಜಿನಿಯರಿಂಗ್ ಓದುವಾಗ ಹಾಸ್ಟೆಲ್ ರೂಮಿನಲ್ಲಿ ಈ ಆಟ ಆಡ್ತಿದ್ದಾಗ ನಮಗೂ ಹೀಗೇ ಆಗ್ತಿತ್ತು. ಆಟ ನಡೆಸುವವನು ವಾರವಿಡೀ ಕೂತು ಒಂದು ಒಗಟು ಕಟ್ಟಿರ್ತಿದ್ದ. ನಮ್ಮಲ್ಲೊಬ್ಬ ಅದನ್ನು ಪೂರ್ತಿ ಕೇಳಿಸಿಕೊಳ್ಳದೆ ಹತ್ತು ಸೆಕೆಂಡಿನಲ್ಲಿ ಕೆಡಿಸಿ ಹಾಕ್ತಿದ್ದ. ಆಮೇಲೆ ಏನು ಮಾಡೋದು ಅಂತ ಎಲ್ಲರೂ ತಲೆ ಕೆರೆದುಕೊಳ್ಳೋದೇ ಆಟ.

ಪಾತ್ರ ವಹಿಸಿ ಆಡುವ ಇಂಥ ಆಟಗಳನ್ನು ಸಿನಿಮಾ ಮಾಡೋಕೆ ಹೊರಟವರೆಲ್ಲ ಕೇಳಿಕೊಳ್ಳೋ ಪ್ರಶ್ನೆ ಒಂದೇ: ಅಭಿಮಾನಿಗಳಿಗೆ ಏನು ಬೇಕು? ರಾಕ್ಷಸರು, ಕೋಟೆಗಳು, ಹೆಸರುಗಳು ಪುಸ್ತಕದಲ್ಲಿದ್ದ ಹಾಗೇ ಇದ್ದರೆ ಸಾಕು ಅನ್ನೋದು ಸಾಮಾನ್ಯ ಉತ್ತರ. ನಲವತ್ತು ವರ್ಷಗಳ ಅನುಭವ ನೋಡಿದರೆ ಅದು ತಪ್ಪು ಉತ್ತರ. ಅಭಿಮಾನಿಗಳ ಬೇಡಿಕೆ ಮೂರು. ಆಡುವವರನ್ನು ಅವಮಾನ ಮಾಡಬೇಡಿ. ಆಟ ಆಡುವ ಅನುಭವವನ್ನು ತೆರೆ ಮೇಲೆ ತನ್ನಿ. ಈ ಕಥೆಗಳಲ್ಲಿ ನಮಗೂ ಪಾಲಿದೆ ಅನ್ನೋದನ್ನು ಒಪ್ಪಿಕೊಳ್ಳಿ. ಮೂರನೆಯದು ಸಿನಿಮಾಕ್ಕಿಂತ ದೊಡ್ಡ ವಿಷಯ.

ಇದು ಎಂಥ ಆಟ?

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬ ಇಬ್ಬರು ಅಮೆರಿಕನ್ನರು ರೂಪಿಸಿದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಮೊದಲು ಪ್ರಕಟವಾದದ್ದು 1974ರಲ್ಲಿ. ನಾಲ್ಕೈದು ಜನ ಒಂದು ಮೇಜಿನ ಸುತ್ತ ಕೂರ್ತಾರೆ. ಒಬ್ಬರು ಡಂಜನ್ ಮಾಸ್ಟರ್. ಲೋಕವನ್ನು ವರ್ಣಿಸೋದು, ಶತ್ರುಗಳನ್ನು ಆಡಿಸೋದು ಅವರ ಕೆಲಸ. ಉಳಿದವರಿಗೆ ಒಂದೊಂದು ಪಾತ್ರ. 'ಗೋಡೆ ಹತ್ತುತ್ತೇನೆ', 'ಕಾವಲುಗಾರನಿಗೆ ಸುಳ್ಳು ಹೇಳುತ್ತೇನೆ' ಅಂತ ಬಾಯಲ್ಲಿ ಹೇಳಬೇಕು. ಅದು ಫಲಿಸುತ್ತಾ ಇಲ್ವಾ ಅನ್ನೋದನ್ನು ಇಪ್ಪತ್ತು ಮುಖದ ಒಂದು ದಾಳ ನಿರ್ಧರಿಸುತ್ತೆ.

ತಾಳಮದ್ದಳೆ ನೋಡಿದವರಿಗೆ ಇದು ಬೇಗ ಅರ್ಥ ಆಗುತ್ತೆ. ಪ್ರಸಂಗ ಗೊತ್ತಿರುತ್ತೆ, ಆದರೆ ಅರ್ಥಧಾರಿ ಏನು ಮಾತಾಡ್ತಾನೆ ಅನ್ನೋದು ಆ ರಾತ್ರಿವರೆಗೆ ಯಾರಿಗೂ ಗೊತ್ತಿರಲ್ಲ. ಈ ಆಟದಲ್ಲಿ ಕಥೆಯ ಕೊನೆಯೂ ಗೊತ್ತಿರಲ್ಲ, ಪ್ರೇಕ್ಷಕರು ಅಂತ ಬೇರೆ ಯಾರೂ ಇರಲ್ಲ. ಸಿನಿಮಾ ಮಾಡುವವರಿಗೆ ಕಷ್ಟ ಶುರುವಾಗೋದು ಇಲ್ಲೇ. ಕಾದಂಬರಿಗೆ ಒಂದು ಕಥೆ ಇರುತ್ತೆ, ಅದನ್ನು ತೆರೆಗೆ ತರಬಹುದು. ಈ ಆಟದ ಪುಸ್ತಕದಲ್ಲಿ ಇರೋದು ನಿಯಮಗಳು, ಲೋಕದ ವಿವರಗಳು. ಕಥೆ ಹುಟ್ಟೋದು ಆಡುವವರಿಂದ.

ಮೊದಲ ಬೇಡಿಕೆ: ನಮ್ಮನ್ನು ಹುಚ್ಚರು ಅನ್ನಬೇಡಿ

ಈ ಆಟದ ಬಗ್ಗೆ ತೆರೆ ಹೇಳಿದ ಮೊದಲ ದೊಡ್ಡ ಕಥೆ ಅಪವಾದದ್ದು. 1979ರಲ್ಲಿ ಮಿಶಿಗನ್ ಸ್ಟೇಟ್ ಯೂನಿವರ್ಸಿಟಿಯ ಒಬ್ಬ ವಿದ್ಯಾರ್ಥಿ ಕಾಣೆಯಾದ. ಆಟದ ಗುಂಗಿನಲ್ಲಿ ಕ್ಯಾಂಪಸ್ಸಿನ ಸುರಂಗಗಳಲ್ಲಿ ಕಳೆದುಹೋಗಿದ್ದಾನೆ ಅಂತ ಸುದ್ದಿ ಹಬ್ಬಿತು. ಅದು ನಿಜ ಆಗಿರಲಿಲ್ಲ, ಅವನ ಸಂಕಟಗಳು ಬೇರೆಯೇ ಇದ್ದವು. ಆದರೆ ಸುದ್ದಿ ನಿಂತುಬಿಟ್ಟಿತು. 1982ರಲ್ಲಿ 'ಮೇಜಸ್ ಅಂಡ್ ಮಾನ್‌ಸ್ಟರ್ಸ್' ಎಂಬ ಟಿವಿ ಸಿನಿಮಾ ಬಂತು. ಇಂಥದೇ ಆಟ ಆಡಿ ವಾಸ್ತವದ ಅರಿವು ಕಳೆದುಕೊಳ್ಳುವ ಹುಡುಗನಾಗಿ ನಟಿಸಿದ್ದು ಆಗಿನ್ನೂ ಹೊಸಬರಾಗಿದ್ದ ಟಾಮ್ ಹ್ಯಾಂಕ್ಸ್.

ಆ ದಶಕದಲ್ಲಿ ಅಮೆರಿಕದ ಕ್ರೈಸ್ತ ಸಂಪ್ರದಾಯವಾದಿಗಳು ಈ ಆಟ ಸೈತಾನನ ಪೂಜೆ ಕಲಿಸುತ್ತೆ ಅಂತ ಪ್ರಚಾರ ಮಾಡಿದರು. ಮಕ್ಕಳ ಆತ್ಮಹತ್ಯೆಗೂ ಆಟಕ್ಕೂ ನಂಟು ಹಾಕಿದರು. 1985ರಲ್ಲಿ '60 ಮಿನಿಟ್ಸ್' ಕಾರ್ಯಕ್ರಮವೂ ಈ ಆರೋಪಗಳನ್ನು ಎತ್ತಿಕೊಂಡಿತು. ಯುವಕರು ತಮ್ಮದೇ ಒಂದು ಜಾಗ ಮಾಡಿಕೊಂಡರೆ ಅದು ಸಂಸ್ಕೃತಿಗೆ ಅಪಾಯ ಅಂತ ಕೂಗೆಬ್ಬಿಸೋದು ನಮಗೂ ಹೊಸತೇನಲ್ಲ. ಹಾಗಾಗಿ ಹಳೆಯ ಆಟಗಾರರು ಹೊಸ ಸಿನಿಮಾ ಬಂದಾಗ ಮೊದಲು ನೋಡೋದು ಇದನ್ನೇ: ಇವರು ನಮ್ಮ ಜೊತೆ ನಗ್ತಿದ್ದಾರಾ, ನಮ್ಮನ್ನು ನೋಡಿ ನಗ್ತಿದ್ದಾರಾ? 2016ರಲ್ಲಿ ಶುರುವಾದ 'ಸ್ಟ್ರೇಂಜರ್ ಥಿಂಗ್ಸ್' ಅಷ್ಟು ಹತ್ತಿರ ಆಗಿದ್ದಕ್ಕೆ ಇದೂ ಒಂದು ಕಾರಣ. ಅಲ್ಲಿ ನೆಲಮಾಳಿಗೆಯಲ್ಲಿ ಕೂತು ಆಡುವ ಹುಡುಗರೇ ಊರನ್ನು ಕಾಪಾಡುವವರು.

ಎರಡನೇದು: ಹೆಸರು ಬೇಡ, ಆಟ ಬೇಕು

2000ನೇ ಇಸವಿಯ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಸಿನಿಮಾದಲ್ಲಿ ಹೆಸರಿತ್ತು, ಡ್ರ್ಯಾಗನ್‌ಗಳಿದ್ದವು, ಜೆರೆಮಿ ಐರನ್ಸ್‌ನಂಥ ನಟ ಇದ್ದರು. ಸುಮಾರು 4.5 ಕೋಟಿ ಡಾಲರ್ ಖರ್ಚಾಯಿತು, ಪ್ರಪಂಚದಾದ್ಯಂತ ಬಂದಿದ್ದು 3.4 ಕೋಟಿಯ ಆಸುಪಾಸು. ಒಬ್ಬ ದುಷ್ಟ ಮಂತ್ರವಾದಿ, ಒಂದು ಮಾಯದ ದಂಡ, ಅದನ್ನು ಹುಡುಕುವ ಹೀರೊ. ಯಾವ ಫ್ಯಾಂಟಸಿ ಸಿನಿಮಾಕ್ಕೆ ಬೇಕಾದರೂ ಹೊಂದುವ ಕಥೆ ಅದು. ಈ ಆಟವನ್ನು ಯಾಕೆ ಆಡ್ತೀವಿ ಅನ್ನೋದರ ಸುಳಿವು ಅದರಲ್ಲಿ ಇರಲಿಲ್ಲ.

ವಿವರಗಳಿಗೆ ನಿಷ್ಠೆ ತೋರಿಸಿದರೆ ಸರಿ ಹೋಗುತ್ತಾ? ವಿಡಿಯೊ ಗೇಮ್ ಆಧರಿಸಿದ 'ವಾರ್‌ಕ್ರಾಫ್ಟ್' ಅದಕ್ಕೆ ಉದಾಹರಣೆ. 2016ರಲ್ಲಿ ಡಂಕನ್ ಜೋನ್ಸ್ ನಿರ್ದೇಶಿಸಿದ ಈ ಸಿನಿಮಾ ಆಟದ ಲೋಕವನ್ನು, ಇತಿಹಾಸವನ್ನು ಬಹಳ ಶ್ರದ್ಧೆಯಿಂದ ಕಟ್ಟಿತು. ಒಟ್ಟು ಗಳಿಕೆ ಸುಮಾರು 43.9 ಕೋಟಿ ಡಾಲರ್. ಅದರಲ್ಲಿ ಹೆಚ್ಚೂಕಮ್ಮಿ ಅರ್ಧ ಚೀನಾದಿಂದಲೇ ಬಂತು. ಅಮೆರಿಕದಲ್ಲಿ ಬಂದಿದ್ದು ಸುಮಾರು 4.7 ಕೋಟಿ ಮಾತ್ರ. ಆ ಲೋಕ ಮೊದಲೇ ಗೊತ್ತಿದ್ದವರು ಪ್ರೀತಿಯಿಂದ ನೋಡಿದರು. ಗೊತ್ತಿಲ್ಲದವರಿಗೆ ಅಷ್ಟೊಂದು ಹೆಸರು, ಕುಲ, ಯುದ್ಧಗಳ ನಡುವೆ ಹಿಡಿದುಕೊಳ್ಳೋಕೆ ಒಂದು ಪಾತ್ರವೂ ಸಿಗಲಿಲ್ಲ.

ಜೊನಾಥನ್ ಗೋಲ್ಡ್‌ಸ್ಟೀನ್ ಮತ್ತು ಜಾನ್ ಫ್ರಾನ್ಸಿಸ್ ಡೇಲಿ ನಿರ್ದೇಶಿಸಿದ 2023ರ ಸಿನಿಮಾ ಬೇರೆ ದಾರಿ ಹಿಡಿಯಿತು. ಅವರು ತೆರೆಗೆ ತಂದಿದ್ದು ಮೇಜಿನ ಸುತ್ತ ನಡೆಯೋದನ್ನು. ಸ್ಮಶಾನದ ದೃಶ್ಯ ನೋಡಿ. ಹೆಣವನ್ನು ಎಬ್ಬಿಸಿ ಐದೇ ಐದು ಪ್ರಶ್ನೆ ಕೇಳಬಹುದು. ಇದು ಆಟದ ಪುಸ್ತಕದಲ್ಲೇ ಇರುವ ಮಂತ್ರ, ಐದು ಪ್ರಶ್ನೆಯ ಮಿತಿಯೂ ಅಲ್ಲಿಯದೇ. ಆದರೆ ದೃಶ್ಯ ನಗಿಸೋದು ತಂಡದವರು ತಮ್ಮತಮ್ಮಲ್ಲೇ ಮಾತಾಡಿ ಪ್ರಶ್ನೆಗಳನ್ನು ದಂಡ ಮಾಡಿಕೊಳ್ಳೋದರಿಂದ. ಆ ನಿಯಮವನ್ನು ಎಲ್ಲೂ ಓದಿರದ ನನ್ನ ತಂಗಿ ಪಕ್ಕದಲ್ಲಿ ಕೂತು ನನಗಿಂತ ಜಾಸ್ತಿ ನಕ್ಕಳು. ನಿಯಮ ಗೊತ್ತಿದ್ದವರಿಗೆ ಗುರುತು ಸಿಕ್ಕಿತು, ಗೊತ್ತಿಲ್ಲದವರಿಗೆ ಒಳ್ಳೆಯ ಹಾಸ್ಯ ಸಿಕ್ಕಿತು.

ಸೇತುವೆ ಬಿದ್ದ ಮೇಲೂ ಅಷ್ಟೇ. ಹೋಲ್ಗಾ ಹಿಡಿದು ಓಡಾಡ್ತಿದ್ದ ಕೋಲು ಅಸಲಿಗೆ ಎರಡು ಜಾಗಗಳ ನಡುವೆ ಬಾಗಿಲು ತೆರೆಯುವ ಮಾಯಾದಂಡ ಅಂತ ಆಗ ತಿಳಿಯುತ್ತೆ. ಕೈಯಲ್ಲಿದ್ದ ವಸ್ತುವನ್ನು ಮರೆತು, ಪೇಚಿಗೆ ಸಿಕ್ಕಾಗ ಚೀಟಿ ತೆಗೆದು 'ಅರೆ, ಇದೊಂದು ಇತ್ತಲ್ಲ' ಅನ್ನೋದು ಪ್ರತಿ ಆಟಗಾರನಿಗೂ ಆಗಿರುತ್ತೆ. ಆಮೇಲೆ ಅದೇ ದಂಡ ಹಿಡಿದು ಖಜಾನೆ ದೋಚೋಕೆ ಚಿತ್ರಪಟದೊಳಗೆ ಬಾಗಿಲು ಬಚ್ಚಿಟ್ಟು ಕಳಿಸ್ತಾರೆ. ಪಟ ಮಗುಚಿ ಮುಖ ಕೆಳಗಾಗಿ ಬೀಳುತ್ತೆ, ಬಾಗಿಲು ನೆಲಕ್ಕೆ ತೆರೆದುಕೊಳ್ಳುತ್ತೆ. ಯೋಜನೆ ಹಾಳು, ಮತ್ತೊಂದು ಯೋಜನೆ. ಈ ಸಿನಿಮಾದ ನಾಯಕ ಎಡ್ಗಿನ್ ಯುದ್ಧವೀರನಲ್ಲ, ಸೋಲಿನ ಮೇಲೆ ಸೋಲು ಕಂಡು ಮತ್ತೆ ಹೊಸ ಯೋಜನೆ ಹಾಕುವವನು.

ಅಭಿಮಾನಿಗಳು ಅಕ್ಷರನಿಷ್ಠೆ ಕೇಳಲ್ಲ ಅನ್ನೋದಕ್ಕೆ ಇದೇ ಸಿನಿಮಾದಲ್ಲಿ ಇನ್ನೊಂದು ಸಾಕ್ಷಿ ಇದೆ. ಡೋರಿಕ್ ಅನ್ನೋ ಹುಡುಗಿ ಗೂಬೆ ಮುಖದ ಕರಡಿಯಾಗಿ ರೂಪ ಬದಲಿಸ್ತಾಳೆ. 2014ರ ಐದನೇ ಆವೃತ್ತಿಯ ನಿಯಮದ ಪ್ರಕಾರ ಅದು ಸಾಧ್ಯವೇ ಇಲ್ಲ. ಅವಳ ಶಕ್ತಿ ಮಾಮೂಲಿ ಪ್ರಾಣಿಗಳಿಗೆ ಮಾತ್ರ ಅನ್ವಯ, ಈ ಕರಡಿ ವಿಕೃತ ಜೀವಿಗಳ ವರ್ಗಕ್ಕೆ ಸೇರಿದ್ದು. ಟ್ರೇಲರ್ ಬಂದಾಗ ಇದರ ಬಗ್ಗೆ ವಾದ ನಡೆಯಿತು. ಬಹಳ ಜನ ಕೊಟ್ಟ ಉತ್ತರ: ಚೆನ್ನಾಗಿದೆ ಅಂದ್ರೆ ಡಂಜನ್ ಮಾಸ್ಟರ್ ಒಪ್ಪಿಕೊಳ್ತಾರೆ ಬಿಡಿ. ಮೇಜಿನ ಮೇಲೂ ನಾವು ಹಾಗೇ ಆಡೋದು.

ಮೂರನೇದು: ಕಥೆ ಯಾರದ್ದು?

ಈ ಸಿನಿಮಾ ಬಿಡುಗಡೆಗೆ ಮೂರು ತಿಂಗಳು ಮೊದಲು ಅದೇ ಅಭಿಮಾನಿಗಳು ಅದರ ಒಡೆಯರ ಮೇಲೆ ತಿರುಗಿಬಿದ್ದಿದ್ದರು.

ಆಟದ ಒಡೆತನ ವಿಜರ್ಡ್ಸ್ ಆಫ್ ದಿ ಕೋಸ್ಟ್ ಕಂಪನಿಯದು. 1999ರಿಂದ ಆ ಕಂಪನಿ ಆಟಿಕೆ ತಯಾರಿಸುವ ಹಾಸ್ಬ್ರೊ ಪಾಲಾಗಿದೆ. 2000ದಲ್ಲಿ ವಿಜರ್ಡ್ಸ್ 'ಓಪನ್ ಗೇಮ್ ಲೈಸೆನ್ಸ್' ತಂದಿತು. ಮುಕ್ತ ತಂತ್ರಾಂಶ ಚಳವಳಿಯಿಂದ ಪ್ರೇರಣೆ ಪಡೆದ ಪರವಾನಗಿ ಅದು. ಆಟದ ಮೂಲ ನಿಯಮಗಳನ್ನು ಬಳಸಿ ಯಾರು ಬೇಕಾದರೂ ತಮ್ಮ ಸಾಹಸಕಥೆ, ಪುಸ್ತಕ, ಹೊಸ ಆಟ ಮಾಡಿ ಮಾರಬಹುದು. ಇಪ್ಪತ್ತು ವರ್ಷ ಅದರ ಮೇಲೆ ಸಣ್ಣ ಪ್ರಕಾಶಕರು, ಬರಹಗಾರರು, ಚಿತ್ರಕಾರರು ಬದುಕು ಕಟ್ಟಿಕೊಂಡರು.

2022ರ ಡಿಸೆಂಬರಿನಲ್ಲಿ ಈ ಆಟದಿಂದ ಬರಬೇಕಾದಷ್ಟು ದುಡ್ಡು ಬರ್ತಿಲ್ಲ ಅನ್ನೋ ಅರ್ಥದ ಮಾತು ಕಂಪನಿಯ ಮುಖ್ಯಸ್ಥರಿಂದ ಹೂಡಿಕೆದಾರರ ಮುಂದೆ ಬಂತು. 2023ರ ಜನವರಿಯಲ್ಲಿ ಹೊಸ ಪರವಾನಗಿಯ ಕರಡು ಸೋರಿಕೆಯಾಯಿತು. ಹಳೆಯ ಪರವಾನಗಿ ಇನ್ನು ಮಾನ್ಯ ಅಲ್ಲ. ವರ್ಷಕ್ಕೆ 7.5 ಲಕ್ಷ ಡಾಲರಿಗಿಂತ ಹೆಚ್ಚು ವಹಿವಾಟು ಇದ್ದವರು ಅದರ ಮೇಲಿನ ಮೊತ್ತದಲ್ಲಿ ಶೇ. 25ರವರೆಗೆ ರಾಯಧನ ಕೊಡಬೇಕು. ಬೇರೆಯವರು ಬರೆದದ್ದನ್ನು ಕಂಪನಿ ತಾನೂ ಬಳಸಿಕೊಳ್ಳಬಹುದು. ಗಮನಿಸಿ: ಅಮೆರಿಕದ ಕಾನೂನಿನಲ್ಲಿ ಆಟದ ವಿಧಾನಕ್ಕೆ ಕಾಪಿರೈಟ್ ಇಲ್ಲ, ಅದನ್ನು ಬರೆದ ಪಠ್ಯಕ್ಕೆ ಮಾತ್ರ ಇದೆ. ಆದರೆ ಸಣ್ಣ ಪ್ರಕಾಶಕ ಹಾಸ್ಬ್ರೊ ವಿರುದ್ಧ ಕೋರ್ಟಿಗೆ ಹೋಗಿ ಇದನ್ನು ಸಾಬೀತು ಮಾಡೋದು ಹೇಗೆ?

ಆಟಗಾರರು ಕಂಪನಿಯ ಡಿಜಿಟಲ್ ಸೇವೆಯ ಚಂದಾ ರದ್ದು ಮಾಡೋಕೆ ಶುರು ಮಾಡಿದರು. ಸಿನಿಮಾ ಬಹಿಷ್ಕರಿಸಿ ಅನ್ನೋ ಕರೆಯೂ ಬಂತು. ಕಂಪನಿ ಪರಿಷ್ಕೃತ ಕರಡಿನ ಮೇಲೆ ಅಭಿಪ್ರಾಯ ಕೇಳಿದಾಗ 15 ಸಾವಿರಕ್ಕೂ ಹೆಚ್ಚು ಜನ ಉತ್ತರಿಸಿದರು. ಹಳೆಯ ಪರವಾನಗಿ ತೆಗೆಯೋದಕ್ಕೆ ಶೇ. 89ರಷ್ಟು ಮಂದಿಯ ಅಸಮಾಧಾನ ಇತ್ತು. ಜನವರಿ 27ಕ್ಕೆ ಕಂಪನಿ ಪೂರ್ತಿ ಹಿಂದೆ ಸರಿಯಿತು. ಹಳೆಯ ಪರವಾನಗಿ ಉಳಿಯಿತು, ಜೊತೆಗೆ ಐದನೇ ಆವೃತ್ತಿಯ ಮೂಲ ನಿಯಮಗಳನ್ನು ಕ್ರಿಯೇಟಿವ್ ಕಾಮನ್ಸ್ ಅಡಿ ಬಿಡುಗಡೆ ಮಾಡಿದರು. ಆ ಪರವಾನಗಿಯನ್ನು ವಾಪಸ್ ಪಡೆಯೋಕೆ ಆಗಲ್ಲ. ಸಂಘಟಿತರಾದ ಬಳಕೆದಾರರು ಒಂದು ದೊಡ್ಡ ಕಂಪನಿಯನ್ನು ಒಂದೇ ತಿಂಗಳಲ್ಲಿ ಮಣಿಸಿದ ಪ್ರಸಂಗಗಳು ಜಾಸ್ತಿ ಇಲ್ಲ.

ಈ ಪಾಲುದಾರಿಕೆಯ ಭಾವನೆ ಕೋಪಕ್ಕೆ ಮಾತ್ರ ಸೀಮಿತ ಅಲ್ಲ. 2019ರಲ್ಲಿ 'ಕ್ರಿಟಿಕಲ್ ರೋಲ್' ತಂಡ, ಅಂದರೆ ತಾವು ಆಡೋದನ್ನೇ ನೇರಪ್ರಸಾರ ಮಾಡುವ ಕಂಠದಾನ ಕಲಾವಿದರು, ತಮ್ಮ ಆಟದ ಕಥೆಯನ್ನು ಒಂದು ಸಣ್ಣ ಅನಿಮೇಷನ್ ಮಾಡೋಕೆ ಜನರಿಂದ 7.5 ಲಕ್ಷ ಡಾಲರ್ ಕೇಳಿದರು. ಒಂದು ಗಂಟೆಯೊಳಗೆ ಗುರಿ ದಾಟಿತು. ಕೊನೆಗೆ 88 ಸಾವಿರಕ್ಕೂ ಹೆಚ್ಚು ಜನ ಸೇರಿ ಕೊಟ್ಟಿದ್ದು 1.13 ಕೋಟಿ ಡಾಲರಿಗೂ ಹೆಚ್ಚು. ಅದೇ 2022ರಲ್ಲಿ ಅಮೆಜಾನ್‌ನಲ್ಲಿ ಬಂದ 'ದಿ ಲೆಜೆಂಡ್ ಆಫ್ ವಾಕ್ಸ್ ಮೆಷಿನಾ' ಸರಣಿ. ಮೇಜಿನ ಮೇಲೆ ಹುಟ್ಟಿದ ಕಥೆ, ಆಡಿದವರದೇ ದನಿ, ನೋಡಿದವರದೇ ದುಡ್ಡು.

ಹಾಗಾದ್ರೆ ಸಿನಿಮಾ ಯಾಕೆ ಓಡಲಿಲ್ಲ?

ಅಭಿಮಾನಿಗಳೂ ವಿಮರ್ಶಕರೂ ಮೆಚ್ಚಿದ 'ಹಾನರ್ ಅಮಾಂಗ್ ಥೀವ್ಸ್'ಗೆ ಸುಮಾರು 15 ಕೋಟಿ ಡಾಲರ್ ಖರ್ಚಾಗಿತ್ತು, ಗಳಿಸಿದ್ದು 20.8 ಕೋಟಿಯಷ್ಟು. ಟಿಕೆಟ್ ಹಣದಲ್ಲಿ ಥಿಯೇಟರುಗಳ ಪಾಲು ಹೋಗಿ, ಪ್ರಚಾರದ ವೆಚ್ಚ ಕಳೆದರೆ ಅದು ನಷ್ಟವೇ. ಬಹಿಷ್ಕಾರದಿಂದ ಹೀಗಾಯ್ತು ಅಂತ ಹೇಳೋಕೆ ಆಧಾರ ಇಲ್ಲ. ಮಾರ್ಚ್ 31ಕ್ಕೆ ಇದು ಬಂತು, ಒಂದು ವಾರ ಮೊದಲು 'ಜಾನ್ ವಿಕ್ 4', ಐದು ದಿನ ಆದಮೇಲೆ 130 ಕೋಟಿ ಡಾಲರ್ ದಾಟಿದ 'ಸೂಪರ್ ಮಾರಿಯೊ'. ಇವೆರಡರ ನಡುವೆ ಸಿಕ್ಕಿಕೊಂಡಿತು.

ಹಾಗಂತ ಕೇಳೋರಿಲ್ಲ ಅಂತಲ್ಲ. ಅದೇ ವರ್ಷ ಆಗಸ್ಟಿನಲ್ಲಿ ಬಂದ 'ಬಾಲ್ಡರ್ಸ್ ಗೇಟ್ 3' ವಿಡಿಯೊ ಗೇಮ್ ಇದೇ ಲೋಕದ್ದು, ಬಹುಪಾಲು ಇದೇ ನಿಯಮಗಳದ್ದು. ಅದರಲ್ಲಿ ತೆರೆ ಮೇಲೆ ದಾಳ ಉರುಳೋದೂ ಕಾಣುತ್ತೆ. ವರ್ಷದ ಅತ್ಯುತ್ತಮ ಆಟ ಅಂತ ದಿ ಗೇಮ್ ಅವಾರ್ಡ್ಸ್ ಅದನ್ನೇ ಆರಿಸಿತು. ಆ ಡಿಸೆಂಬರಿನಲ್ಲೇ ಹಾಸ್ಬ್ರೊ 1,100 ಜನರನ್ನು ಕೆಲಸದಿಂದ ತೆಗೆಯುತ್ತೇವೆ ಅಂತ ಘೋಷಿಸಿತು. ಡಿ ಅಂಡ್ ಡಿ ವಿಭಾಗದವರೂ ಅದರಲ್ಲಿದ್ದರು.

ಅದಕ್ಕೇ ಮುಂದಿನ ಸಿನಿಮಾ, ಸರಣಿ ಘೋಷಣೆಯಾದಾಗ ನಾನು ಡ್ರ್ಯಾಗನ್ ಎಷ್ಟು ಚೆನ್ನಾಗಿದೆ ಅಂತ ಮೊದಲು ನೋಡಲ್ಲ. ಪಾತ್ರಗಳಿಗೆ ಸೋಲೋಕೆ ಬಿಟ್ಟಿದ್ದಾರಾ? ಒಬ್ಬ ಹೀರೊ ಇದ್ದಾನಾ, ತಂಡ ಇದೆಯಾ? ಬರೆದವರಿಗೆ, ಆಡಿದವರಿಗೆ ಒಡೆಯರು ಏನು ಮಾಡ್ತಿದ್ದಾರೆ? ಈ ಮೂರು ಕೇಳ್ತೀನಿ.

ಇಷ್ಟರ ನಡುವೆ ಒಂದು ಬಾಗಿಲು ತೆರೆದೇ ಇದೆ. ಕ್ರಿಯೇಟಿವ್ ಕಾಮನ್ಸ್ ಅಡಿ ಇರುವ ಆ ನಿಯಮಗಳನ್ನು ಮೂಲ ಯಾರದು ಅಂತ ಹೇಳಿ ಯಾರು ಬೇಕಾದರೂ ಬಳಸಬಹುದು, ಅನುವಾದಿಸಬಹುದು, ಮಾರಲೂಬಹುದು. ಕನ್ನಡಕ್ಕೆ ತರೋಕೂ ಯಾರನ್ನೂ ಕೇಳಬೇಕಿಲ್ಲ. ಕಂಪನಿಯ ಪಾತ್ರಗಳು, ಅದರ ಲೋಕದ ಕಥೆಗಳು ಅದರಲ್ಲಿ ಸೇರಿಲ್ಲ. ಅವುಗಳ ಅಗತ್ಯವೂ ಇಲ್ಲ. ನಮ್ಮ ಹಾಸ್ಟೆಲ್ ಆಟದಲ್ಲಿ ಗಾಬ್ಲಿನ್‌ಗಳ ಬದಲು ಕೊಳ್ಳಿದೆವ್ವಗಳಿದ್ದವು, ಆಟ ಚೆನ್ನಾಗೇ ನಡೆದಿತ್ತು.